ಅರವತ್ತಮೂರನೇ ಕಿಲೋಮೀಟರು

ಎಡೆದೊರೆ ಹೆದ್ದಾರಿಗಾಗಿ ಇನ್ನೂ ಒಂದು ಬುಟ್ಟಿ ಮಣ್ಣನ್ನೂ ಯಾರೂ ಎತ್ತಿರಲಿಲ್ಲ. ಆದರೆ ಅದರ ಮೇಲೆ ಗಾಡಿಗಳು ಓಡುವುದನ್ನು ಹುಲಿಗೆಮ್ಮ ಒಂದೂವರೆ ವರ್ಷದಿಂದ ದಿನವೂ ನೋಡುತ್ತಿದ್ದಳು.

ನೋಡುತ್ತಿದ್ದುದು ಯೋಜನಾ ಕಚೇರಿಯ ದೊಡ್ಡ ಕೋಣೆಯಲ್ಲಿ. ಎದುರಿನ ಗೋಡೆಯ ತುಂಬ ಒಂದೇ ಪರದೆ. ಅದರಲ್ಲಿ ಕೃಷ್ಣೆಯ ಕಡೆಯಿಂದ ತುಂಗಭದ್ರೆಯ ಕಡೆಗೆ ಎಳೆದ ಒಂದು ಗೆರೆ, ನೂರಾ ಹನ್ನೆರಡು ಕಿಲೋಮೀಟರು ಉದ್ದ. ಗೆರೆಯ ಎರಡೂ ಬದಿಗೆ ಬಿಳಿ ಚುಕ್ಕೆಗಳು, ಎರೆಮಣ್ಣಿನ ಮೇಲೆ ಬಿಳಿಜೋಳ ಚೆಲ್ಲಿದ ಹಾಗೆ. ಒಂದು ಚುಕ್ಕೆ ಎಂದರೆ ಒಬ್ಬ ಮನುಷ್ಯ.

ಅದೆಲ್ಲ ಮುಂಗಾಣಿ ಎಂಬ ಯಂತ್ರದ ಕೆಲಸ. ಅದು ಎರಡು ವರ್ಷದಿಂದ ಆ ಸೀಮೆಯ ಫೋನುಗಳ ಓಡಾಟವನ್ನು ಓದುತ್ತಿತ್ತು. ಯಾರು ಎಲ್ಲಿ ಏಳುತ್ತಾರೆ, ಯಾವ ಹೊಲಕ್ಕೆ ಹೋಗುತ್ತಾರೆ, ಯಾವ ಸಂತೆ, ಯಾವ ಆಸ್ಪತ್ರೆ, ಎಲ್ಲವನ್ನೂ ಕಲಿತು, ಆ ಚುಕ್ಕೆಗಳನ್ನು ಮುಂದಿನ ಇಪ್ಪತ್ತು ವರ್ಷ ಬದುಕಿಸಿ ತೋರಿಸುತ್ತಿತ್ತು. ವಯಸ್ಸಾದವರ ಚುಕ್ಕೆ ಆರುತ್ತಿತ್ತು. ಇನ್ನೂ ಹುಟ್ಟದ ಮಕ್ಕಳು ಸಾಸಿವೆ ಕಾಳಿನಷ್ಟು ಚುಕ್ಕೆಗಳಾಗಿ ತಾಯಂದಿರ ಹಿಂದೆ ಬರುತ್ತಿದ್ದವು. ಚುಕ್ಕೆಗಳು ಗೆರೆಯನ್ನು ದಾಟುವ ಕಡೆಯಲ್ಲೆಲ್ಲ ಯಂತ್ರ ಹೆದ್ದಾರಿಯ ಕೆಳಗೊಂದು ದಾರಿ ಬಿಡುತ್ತಿತ್ತು. ಯಾರೂ ದಾಟದ ಕಡೆ ಎರಡಾಳೆತ್ತರದ ಗೋಡೆ, ಎಲ್ಲೂ ಸಂದಿಯಿಲ್ಲದೆ.

ಮುಂಗಾಣಿಗೆ ಅನುಮಾನ ಬಂದದ್ದನ್ನು ಬಗೆಹರಿಸಲು ಹದಿನಾರು ಜನ ಹೆಂಗಸರನ್ನು ಎರಡು ಸಾಲಿನಲ್ಲಿ ಕೂರಿಸಿದ್ದರು. ಅವರಿಗೆ ಹೆಸರಿಲ್ಲ, ಸಂಖ್ಯೆ. ಹುಲಿಗೆಮ್ಮನದು ಹನ್ನೊಂದು. ಅವಳ ಮುಂದಿನ ಪುಟ್ಟ ಪರದೆಯಲ್ಲಿ ಒಂದಷ್ಟು ಚುಕ್ಕೆಗಳು ಬರುತ್ತಿದ್ದವು. ಕೆಳಗೆ ಒಂದು ಪ್ರಶ್ನೆ: ಇದು ಏನು? ಅದರ ಕೆಳಗೆ ನಾಲ್ಕು ಗುಂಡಿ: ಮನುಷ್ಯರು, ದನಕರು, ವಾಹನ, ಸರಕು. ಊರಿನ ಹೆಸರು ಮಾತ್ರ ಇರುತ್ತಿರಲಿಲ್ಲ. ಹೆಸರು ತೋರಿಸಿದರೆ ಅವರವರ ಊರಿನ ಕಡೆ ಮನಸ್ಸು ಎಳೆಯುತ್ತದೆಂದು ಹಾಗೆ ಮಾಡಿದ್ದರು. ದಿನಕ್ಕೆ ಏಳುನೂರು ಪ್ರಶ್ನೆ.

ಮೇಜಿನ ಅಂಚಿನಲ್ಲಿ ಗಾಜಿನ ಮುಚ್ಚಳದ ಕೆಳಗೆ ಐದನೆಯದೊಂದು ಗುಂಡಿಯೂ ಇತ್ತು, ಕೆಂಪು. ಕೊಟ್ಟ ಗುರುತನ್ನು ವಾಪಸು ಪಡೆಯುವುದಕ್ಕೆ. ಕೊಟ್ಟ ಕೈಯೇ ವಾಪಸು ಪಡೆಯಬೇಕು, ಮೇಲಿನವರು ಕೂಡ ತಿದ್ದುವಂತಿಲ್ಲ. "ಆದ್ರ ಅದನ್ನ ಮುಟ್ಟಬ್ಯಾಡ್ರವಾ," ಎಂದು ಮೇಲ್ವಿಚಾರಕ ಮೌನೇಶ ಮೊದಲ ದಿನವೇ ಹೇಳಿದ್ದ. "ಒಂದು ತಪ್ಪು ಅಂದ್ರ, ಆ ಕೈಲಿ ಆಗಿದ್ದೆಲ್ಲಾ ತಪ್ಪಿರಬೇಕು ಅಂತ ಯಂತ್ರ ಎಲ್ಲಾ ಗುರುತೂ ತೆಗೆದು ಒಗಿತೈತಿ. ಮತ್ತ ಒಂದರಿಂದ ಶುರು."

ಯಾರೂ ಮುಟ್ಟಿರಲಿಲ್ಲ.

ಹುಲಿಗೆಮ್ಮ ಏಳನೇ ತರಗತಿಗೆ ಶಾಲೆ ಬಿಟ್ಟವಳು. ಉಳಿದವರೆಲ್ಲ ಪಿಯುಸಿ, ಡಿಗ್ರಿ ಎನ್ನುವಾಗ ಅವಳು ತಲೆ ತಗ್ಗಿಸಿ ಡಬ್ಬಿಯ ರೊಟ್ಟಿ ಮುರಿಯುತ್ತಿದ್ದಳು. ಮಾತು ಕಡಿಮೆಯಾದದ್ದರಿಂದ ನೋಡುವುದು ಹೆಚ್ಚು. ನೋಡಿ ನೋಡಿ ಅವಳಿಗೊಂದು ವಿಷಯ ತಿಳಿದಿತ್ತು. ಮುಂಗಾಣಿ ಹೇಳಿದ್ದು ಒಂದೂ ಸುಳ್ಳಾಗಿಲ್ಲ ಎಂದು ಕಚೇರಿಯಲ್ಲಿ ಎಲ್ಲರೂ ಬೀಗುತ್ತಿದ್ದರು. ತೋಳದಿನ್ನಿಯ ಬಸ್ಸಿಗೆ ಜನ ಹತ್ತುವುದಿಲ್ಲ ಎಂದು ಅದು ಹೇಳಿತು; ಮುಂದಿನ ತಿಂಗಳು ಯಾರೂ ಹತ್ತಲಿಲ್ಲ. ಹತ್ತುವುದೆಲ್ಲಿಂದ? ಯಂತ್ರದ ಮಾತು ಕೇಳಿ ಬಸ್ಸನ್ನೇ ನಿಲ್ಲಿಸಿದ್ದರು. ಇದನ್ನು ಯಾರಿಗಾದರೂ ಹೇಳಬೇಕೆಂದು ಅವಳಿಗೆ ಅನ್ನಿಸಿತ್ತು. ಹೇಳಿರಲಿಲ್ಲ. ತೋಳದಿನ್ನಿ ಅವಳ ಊರು.

ಆ ಸೋಮವಾರ ಎಲ್ಲರೂ ಚಹಾಕ್ಕೆ ಎದ್ದು ಹೋದಾಗ ದೊಡ್ಡ ಪರದೆ ಅರವತ್ತನೇ ಕಿಲೋಮೀಟರಿನಿಂದ ಅರವತ್ತಾರರವರೆಗೆ ತೆರೆದುಕೊಂಡಿತ್ತು. ಹುಲಿಗೆಮ್ಮ ಎದ್ದು ಹತ್ತಿರ ಹೋದಳು. ಅರವತ್ತಮೂರು ಅವಳಿಗೆ ಗುಡ್ಡದ ಆಕಾರದಿಂದಲೇ ಗುರುತು ಸಿಕ್ಕಿತು. ಗೆರೆಯ ಆಚೆ ಮಾಚನೂರು, ಅಲ್ಲಿ ಬಿಳಿ ಚುಕ್ಕೆಗಳು ಕಿಕ್ಕಿರಿದಿದ್ದವು. ಈಚೆ, ಗುಡ್ಡದ ಮಗ್ಗುಲ ತಗ್ಗಿನಲ್ಲಿ, ತೋಳದಿನ್ನಿ ಇರಬೇಕಾದ ಕಡೆ ಒಂದು ಬೂದು ಚೌಕ.

ಒಂದೂ ಬಿಳಿ ಚುಕ್ಕೆ ಇಲ್ಲ.

ಅವಳು ಅಂಚಿನ ಕೀಲಿ ಒತ್ತಿ ವರ್ಷ ಮುಂದೆ ಓಡಿಸಿದಳು. ಐದನೇ ವರ್ಷ, ಬೂದು. ಹತ್ತನೇ ವರ್ಷ, ಬೂದು. ಅಕ್ಕ ಈರಮ್ಮನಿಗೆ ಈಗ ಏಳು ತಿಂಗಳು. ಮೊದಲನೇ ಕೂಸು ಮಾಚನೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಎತ್ತಿನ ಗಾಡಿಯಲ್ಲಿ ಹೋಗಿತ್ತು. ಈಗಿನದರ ಸಾಸಿವೆ ಚುಕ್ಕೆಯನ್ನು ಹುಲಿಗೆಮ್ಮ ಇಪ್ಪತ್ತನೇ ವರ್ಷದವರೆಗೆ ಹುಡುಕಿದಳು. ಮುಂಗಾಣಿ ಎಂದೂ ತಪ್ಪಿದ್ದಿಲ್ಲ. ಹಾಗಾದರೆ ಎಲ್ಲರೂ ಸಾಯುತ್ತಾರೆಯೇ? ಯಾವಾಗ? ಯಾವುದರಿಂದ?

"ಸರ್..."

ಲೋಟ ಹಿಡಿದು ಒಳಬರುತ್ತಿದ್ದ ಮೌನೇಶ ನಿಂತ. "ಅಬಬಬ! ಮಾತು ಬರ್ತೈತೇನವಾ ನಿನಗ? ಒಂದೂವರಿ ವರ್ಷದಿಂದ ನಾ ಮೂಗಿ ಅಂತ ತಿಳ್ಕೊಂಡೀನಿ."

"ಈ ಬೂದು ಏನ್ರಿ?"

"ಅದಾ? ಸರಕು. ಯಾವ್ದೋ ಗೋದಾಮು."

"ಅಲ್ಲಿ ಊರೈತ್ರಿ ಸರ್."

"ಇತ್ತು ಅನ್ನು. ಗುಳೆ ಹೋಗಿ ಖಾಲಿ ಆದ ಊರು ಎಷ್ಟಿಲ್ಲ ಈ ಕಡೆ? ಮನೀ ನಿಂತಿರ್ತಾವ, ಮಂದಿ ಇರಂಗಿಲ್ಲ. ತಡಿ, ತೋರಸ್ತೀನಿ." ಅವನು ಚೌಕದ ಮೇಲೆ ಬೆರಳಿಟ್ಟ. ಅಕ್ಷರಗಳು ಬಂದವು. ಅವನು ಓದಿದ: "ನೂರಾ ಎಪ್ಪತ್ತಮೂರು ಫೋನು. ನಾಲ್ಕು ಮಾರು ಜಾಗದಾಗ ಎಲ್ಲಾ. ಹತ್ತೊಂಬತ್ತು ದಿನ ಒಂದೂ ಅಲುಗಿಲ್ಲ. ಮನಷ್ಯಾರು ಹಿಂಗ ಕುಂದರ್ತಾರೇನು? ಗುರುತು: ಸರಕು. ಗುರುತಿಸಿದವರು: ಹನ್ನೊಂದು."

ಹನ್ನೊಂದು ಯಾರೆಂದು ಅವನು ತಿರುಗಿ ನೋಡಲಿಲ್ಲ. ಹುಲಿಗೆಮ್ಮ ಕೊರಳಲ್ಲಿ ತೂಗುತ್ತಿದ್ದ ಕಾರ್ಡನ್ನು ಮೆಲ್ಲಗೆ ಮಗುಚಿ ಹಾಕಿಕೊಂಡಳು.

"ಶುಕ್ರವಾರ ನಾಕಕ್ಕ ಬೀಗ," ಎಂದ ಮೌನೇಶ ಚಹಾ ಹೀರುತ್ತ. ಯೋಜನೆಗೆ ಬೀಗ ಹಾಕುವುದೆಂದರೆ, ಆ ಮೇಲೆ ಗೆರೆಯನ್ನು ದೇವರು ಬಂದರೂ ಬದಲಿಸಲಾಗದು. "ಆಮ್ಯಾಲ ನೀವೆಲ್ಲಾ ಆರಾಮ."

ಮಂಗಳವಾರ ಹುಲಿಗೆಮ್ಮ ರಜೆ ಹಾಕಿ ಊರಿಗೆ ಹೋದಳು. ಬಸ್ಸು ಮಾಚನೂರಿನವರೆಗೆ. ಅಲ್ಲಿಂದ ಎರಡು ಕಿಲೋಮೀಟರು ನಡಿಗೆ. ನಡುವೆ ಹತ್ತಿಹೊಲದಲ್ಲಿ ಡ್ರೋನುಗಳು ಉದುರಿಸಿ ಹೋಗಿದ್ದ ಹಳದಿ ಗೂಟಗಳು ಸಾಲಾಗಿ ನಿಂತಿದ್ದವು. ಗೋಡೆ ಬರುವುದು ಇಲ್ಲೇ. ಆಗ ಮಾಚನೂರಿಗೆ ಇಪ್ಪತ್ತೊಂದು ಕಿಲೋಮೀಟರು ಸುತ್ತಬೇಕು. ಅವಳು ಗೂಟಗಳ ನಡುವೆ ಹಾಯುವಾಗ ಯಾರೋ ಬಾಗಿಲು ಮುಚ್ಚಲು ಕಾಯುತ್ತಿರುವಂತೆ ಬೇಗ ಬೇಗ ಕಾಲು ಹಾಕಿದಳು.

ಊರ ಬಾಯಲ್ಲೇ ಬೇವಿನ ಗಿಡ. ಅದನ್ನು ನೋಡಿದ್ದೇ ಅವಳ ಕಾಲು ನಿಂತವು.

ತೋಳದಿನ್ನಿಗೆ ಸಿಗ್ನಲ್ ಬರುವುದು ಆ ಗಿಡದ ಕಟ್ಟೆಯ ಮೇಲೆ ಮಾತ್ರ. ಎರಡು ಬಂಡೆಗಳ ಸಂದಿಯಿಂದ ಮಾಚನೂರಿನ ಟವರು ಅಲ್ಲಿಗಷ್ಟೇ ಕಾಣುತ್ತದೆ. ಅದಕ್ಕೇ ಊರಿನ ಫೋನುಗಳೆಲ್ಲ ಆ ಗಿಡದಲ್ಲಿ. ಹಳೆ ಸೀರೆಯ ತುಂಡಿನಲ್ಲಿ ಹೊಲಿದ ಚೀಲಗಳು ಕೊಂಬೆಕೊಂಬೆಗೆ ಗೀಜಗನ ಗೂಡಿನಂತೆ ತೂಗುತ್ತಿದ್ದವು. ಕೆಳಗೆ ಅಮರಮ್ಮಜ್ಜಿ ಕಾವಲು. ಓದು ಬಾರದ ಅಜ್ಜಿ ಚೀಲದ ಬಣ್ಣದಿಂದ, ರಿಂಗಿನ ದನಿಯಿಂದ ಯಾರ ಫೋನೆಂದು ತಿಳಿದು ಊರಿಗೆಲ್ಲ ಕೇಳುವಂತೆ ಕೂಗುತ್ತಾಳೆ. ಹುಲಿಗೆಮ್ಮ ಚಿಕ್ಕಂದಿನಿಂದ ನೋಡಿದ್ದೇ ಅದು. ಆದರೂ ಕಪ್ಪು ಪರದೆಯ ಮೇಲೆ ನೂರಾ ಎಪ್ಪತ್ತಮೂರು ಚುಕ್ಕೆ ಬಂದಾಗ ಆ ಗಿಡ ನೆನಪಾಗಿರಲಿಲ್ಲ. ಎರಡು ನಿಮಿಷ ಯೋಚಿಸಿದ್ದರೆ ಆಗುತ್ತಿತ್ತು. ಒಂದು ಪ್ರಶ್ನೆಗೆ ಅವಳು ಎರಡು ನಿಮಿಷ ಎಂದೂ ಕೊಟ್ಟಿರಲಿಲ್ಲ.

"ಏ ಗಂಗಪ್ಪನ ಸೊಸೀ! ನಿನ್ನ ತವರ್ಮನೀದು ಬಡ್ಕೊಳಾಕತ್ತೈತಿ, ರೊಟ್ಟಿ ಹೊತ್ತಿದ್ರ ಹೊತ್ತಲಿ, ಓಡಿ ಬಾ!" ಎಂದು ಕೂಗಿ ಅಜ್ಜಿ ಇತ್ತ ತಿರುಗಿದಳು. "ಯಾರದು, ಹುಲಿಗಿ? ಮುಖ ಯಾಕ ಹಿಂಗ ಸುಣ್ಣ ಬಳದಂಗ ಆಗೈತಿ?"

ಅಕ್ಕ ಈರಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು. ಊರ ಹೆಂಗಸರೂ ನಾಕು ಜನ ಕೂಡಿದರು. ಹುಲಿಗೆಮ್ಮ ದಾರಿಯುದ್ದಕ್ಕೂ ಯೋಚಿಸಿಟ್ಟಿದ್ದ ಮಾತು ಹೇಳಿದಳು: ಯಂತ್ರ ಫೋನು ನೋಡಿ ಮಂದಿ ಲೆಕ್ಕ ಹಾಕುತ್ತದೆ, ನಾಳೆ ಸಂಜೆಗೆ ಓದುವುದನ್ನು ನಿಲ್ಲಿಸುತ್ತದೆ, ಆದ್ದರಿಂದ ನಾಳೆ ಬೆಳಿಗ್ಗೆ ಎಲ್ಲರೂ ಗಿಡದಿಂದ ಫೋನು ಬಿಚ್ಚಿಕೊಂಡು ಮಾಚನೂರಿಗೆ ನಡೆಯಬೇಕು. ಚೌಕ ಯಾರು ಮಾಡಿದ್ದೆಂದು ಹೇಳಲಿಲ್ಲ.

"ಇಷ್ಟ ಹೌದಿಲ್ಲೋ?" ಎಂದಳು ಈರಮ್ಮ. "ನಾ ಹೆಂಗಿದ್ರೂ ತೋರಸಾಕ ಹೋಗಾಕಿ ಇದ್ದೆ. ಎಲ್ಲಾರೂ ಬರ್ರಿ, ಮೆರವಣಿಗಿ ಮಾಡೂನು."

"ಗರ್ಭಿಣಿ ಮುಂದ, ಫೋನು ಹಿಂದ!" ಎಂದು ಯಾರೋ ನಕ್ಕರು.

ಅಮರಮ್ಮಜ್ಜಿ ನಗಲಿಲ್ಲ. "ನೀ ಏನೋ ಮುಚ್ಚಿಡಾಕತ್ತಿ," ಎಂದಳು. "ಸಣ್ಣಾಕಿದ್ದಾಗ ಬೆಲ್ಲ ಕದ್ದಾಗೂ ಹಿಂಗ ಸೆರಗಿನ ತುದಿ ತಿರುವ್ತಿದ್ದಿ."

ಹುಲಿಗೆಮ್ಮ ಸೆರಗು ಬಿಟ್ಟಳು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಅವಳು ತನ್ನ ಕುರ್ಚಿಯಿಂದ ದೊಡ್ಡ ಪರದೆಯಲ್ಲಿ ಆ ಹೊತ್ತಿನ ಫೋನುಗಳ ಓಡಾಟ ನೋಡುತ್ತಿದ್ದಳು. ಬೂದು ಚೌಕದಲ್ಲಿ ಒಂದು ಚುಕ್ಕೆ ಆರಿತು. ಮತ್ತೊಂದು. ಫೋನು ಗಿಡದಿಂದ ಇಳಿದರೆ ಟವರಿಗೆ ಕಾಣದು, ಅದು ಅವಳಿಗೆ ಗೊತ್ತಿತ್ತು. ಅರ್ಧ ಗಂಟೆ ಅಲ್ಲಿ ಕತ್ತಲೆ. ಆಮೇಲೆ ಗೆರೆಯ ಆಚೆ, ಮಾಚನೂರಿನ ಅಂಚಿನಲ್ಲಿ ಚುಕ್ಕೆಗಳು ಒಂದೊಂದಾಗಿ ಹೊತ್ತಿಕೊಂಡವು. ಬಿಳಿ! ಎಲ್ಲವೂ ಬಿಳಿ! ಆಸ್ಪತ್ರೆಯ ಬಾಗಿಲಲ್ಲಿ ನಿಂತ ಒಂದು ಚುಕ್ಕೆಯನ್ನು ಅವಳು ಅಕ್ಕನೆಂದೇ ಗುರುತು ಹಿಡಿದಳು.

ಆಗ ಪರದೆಯ ಕೆಳಗೆ ಮುಂಗಾಣಿ ಬರೆಯಿತು: ಸರಕು ಮಾರಾಟವಾಗಿ ಮಾಚನೂರಿನಲ್ಲಿ ಹಂಚಿಹೋಗಿದೆ. ಗೋದಾಮು ಖಾಲಿ.

ಅವಳು ಎರಡು ಸಲ ಓದಿದಳು. ಹೌದು, ಯಂತ್ರಕ್ಕೆ ಅವು ಅಂಗಡಿಯಿಂದ ಹೊರಟ ಫೋನುಗಳು. ಕೈಯಲ್ಲಿ ಹಿಡಿದು ನಡೆದವರೆಲ್ಲ ಈಗ ಮಾಚನೂರಿನ ಗಿರಾಕಿಗಳು. ಅವರಿಗೆ ಗೆರೆ ದಾಟುವ ಅಗತ್ಯವೇ ಇಲ್ಲ.

ಸಂಜೆ ಆರಕ್ಕೆ ಓದುವ ಕೆಲಸ ಮುಗಿಯಿತು. ಫೋನುಗಳು ಗಿಡಕ್ಕೆ ಮರಳಿದ್ದು ಯಂತ್ರಕ್ಕೆ ಗೊತ್ತಾಗಲಿಲ್ಲ. ಗುರುವಾರ ಬೆಳಿಗ್ಗೆ ಅರವತ್ತಮೂರನೇ ಕಿಲೋಮೀಟರಿನಲ್ಲಿ ಚೌಕ ಇರಲಿಲ್ಲ. ಅಲ್ಲೊಂದು ಕಂದು ವರ್ತುಲ ಇತ್ತು.

"ಇದು ಚಲೋ ಆತು ನೋಡ್ರಿ," ಎಂದು ಮೌನೇಶ ಯಾರಿಗೋ ತೋರಿಸುತ್ತಿದ್ದ. "ಹೆದ್ದಾರಿ ಏರಿಗೆ ಮಣ್ಣು ಎಲ್ಲಿಂದ ತರೋದು ಅಂತ ತಲೀ ಕೆಟ್ಟಿತ್ತು. ಖಾಲಿ ಜಾಗ, ಮಗ್ಗಲಕ್ಕ ಗುಡ್ಡ. ಇಲ್ಲೇ ಅಗದ್ರ ಆತು."

ಪರದೆಯ ಮೇಲೆ ಮೊದಲ ವರ್ಷ ಓಡಿತು. ಕಂದು ವರ್ತುಲ ದೊಡ್ಡದಾಯಿತು, ಕಪ್ಪಾಯಿತು, ಆಳವಾಯಿತು. ಬೇವಿನ ಗಿಡ ಎಲ್ಲಿರಬೇಕೋ ಅಲ್ಲಿಂದಲೇ ಅಗೆತ ಶುರುವಾಗಿತ್ತು. ಹುಲಿಗೆಮ್ಮನಿಗೆ ಆ ದಿನ ರೊಟ್ಟಿ ಇಳಿಯಲಿಲ್ಲ. ಕೆಂಪು ಗುಂಡಿಯ ಮುಚ್ಚಳವನ್ನು ಮೊಣಕೈಯಿಂದ ಮುಚ್ಚಿಕೊಂಡು ಕೂತಿದ್ದಳು. ಒತ್ತಿದರೆ ಮೂರು ಲಕ್ಷ ಗುರುತು ಹೋಗುತ್ತವೆ. ಅವಳ ಒಂದೂವರೆ ವರ್ಷದ ಕೆಲಸ ಹೋಗುತ್ತದೆ. ಹದಿನೈದು ಜೋಡಿ ಕಣ್ಣು ಅವಳ ಕಡೆ ತಿರುಗುತ್ತವೆ.

ಶುಕ್ರವಾರ ಮೂರು ಗಂಟೆಗೆ ಅವಳು ಯೋಜನೆಯ ಮುಖ್ಯಸ್ಥೆ ವನಮಾಲಾ ಮೇಡಂ ಅವರ ಕೋಣೆಯ ಬಾಗಿಲಲ್ಲಿ ನಿಂತಳು. ಮೇಡಂ ಮೈಸೂರು ಕಡೆಯವರು, ಎಲ್ಲರೊಡನೆ ಮೃದು. ಮೌನೇಶನೂ ಅಲ್ಲೇ ಇದ್ದ.

"ಯಾಕಮ್ಮ, ಏನಾಯ್ತು? ಒಳಗೆ ಬಾ."

ಸೋಮವಾರದಿಂದ ಮಗುಚಿಯೇ ಇದ್ದ ಕಾರ್ಡನ್ನು ಹುಲಿಗೆಮ್ಮ ತಿರುಗಿಸಿ ತೋರಿಸಿದಳು. "ಹನ್ನೊಂದು ನಾನs ರೀ," ಎಂದಳು. ಆಮೇಲೆ ಗಿಡ, ಚೀಲ, ಅಜ್ಜಿ, ಮೆರವಣಿಗೆ, ಅಕ್ಕ, ಎಲ್ಲವನ್ನೂ ನೆಲ ನೋಡುತ್ತಲೇ ಹೇಳಿದಳು.

ಮೌನೇಶ ತಲೆಗೆ ಕೈಹೊತ್ತ. "ಎಲ್ಲಾ ಬಿಟ್ಟು ಫೋನ್ ಗಿಡಕ್ಕ ನೇತಹಾಕ್ತಾರೇನವಾ ಯಾರರ?"

"ಮತ್ತೇನ್ ಮಾಡ್ತಾರ್ರಿ, ಸಿಗ್ನಲ್ ಅಲ್ಲೇ ಇರ್ತೈತಿ."

ಮೇಡಂ ಅವಳಿಗೆ ಕುರ್ಚಿ ತೋರಿಸಿದರು. "ನೋಡಮ್ಮ, ನೀನು ಹೇಳೋದು ನಿಜಾನೇ ಇರಬಹುದು. ಆದ್ರೆ ನಾನು ತಿದ್ದೋ ಹಾಗಿಲ್ಲ. ನೀನು ವಾಪಸು ತಗೊಂಡ್ರೆ ನಿನ್ನ ಗುರುತೆಲ್ಲ ಹೋಗುತ್ತೆ, ಯೋಜನೆ ಎಂಟು ತಿಂಗಳು ಹಿಂದಕ್ಕೆ ಹೋಗುತ್ತೆ. ಆಮೇಲೆ ನಿನ್ನನ್ನ ಇಲ್ಲಿ ಯಾರೂ ಇಟ್ಕೊಳಲ್ಲ. ಬೀಗ ಆಗಲಿ. ಅಗೆಯೋಕೆ ಹೋದವರು ಜನ ಇರೋದು ನೋಡ್ತಾರೆ, ಬೇರೆ ಕಡೆ ಮನೆ ಕೊಡಿಸ್ತಾರೆ. ಅಲ್ಲೀವರೆಗೆ ನಿಮ್ಮಕ್ಕನಿಗೆ ಏನಾದ್ರೂ ಆದ್ರೆ ಆಂಬುಲೆನ್ಸ್ ಇದ್ದೇ ಇದೆ, ಬರುತ್ತೆ."

ಹುಲಿಗೆಮ್ಮ ಮೊದಲ ಸಲ ತಲೆಯೆತ್ತಿದಳು. "ಯಾವೂರಿಗೆ ಬರ್ತೈತ್ರಿ ಮೇಡಂ? ಅಲ್ಲಿ ಊರs ಇಲ್ಲಲ್ರಿ."

ಮೇಡಂ ಗೋಡೆಯ ಕಡೆ ತಿರುಗಿದರು. ಅಲ್ಲಿ ಗಡಿಯಾರ ಮೂರು ಮೂವತ್ತೈದು ತೋರಿಸುತ್ತಿತ್ತು.

"ಹೋಗು, ನಿನ್ನ ಜಾಗದಾಗ ಕುಂದರು," ಎಂದ ಮೌನೇಶ, ದನಿ ತಗ್ಗಿಸಿ. "ಸುಮ್ಮನ ಕುಂದರು."

ಅವಳು ಹೋಗಿ ಕೂತಳು. ಕಾಲು ನಡುಗಿ ಕುರ್ಚಿ ಟಕಟಕ ಅನ್ನುತ್ತಿತ್ತು. ಪಕ್ಕದ ಹನ್ನೆರಡನೇ ಸಂಖ್ಯೆಯವಳು "ಯಾಕವಾ, ಜ್ವರಾ ಬಂದಾವೇನು?" ಎಂದಳು. ಹುಲಿಗೆಮ್ಮ ಪುಟ್ಟ ಪರದೆಯಲ್ಲಿ ಆ ಚೌಕಕ್ಕೆ ಕೊಟ್ಟಿದ್ದ ಗುರುತು ತೆರೆದಿಟ್ಟು, ಗಾಜಿನ ಮುಚ್ಚಳ ಎತ್ತಿದಳು. ಯಂತ್ರ ಕೇಳಿತು: ವಾಪಸು ಪಡೆಯುವಿರಾ? ಹೌದು. ನಿಮ್ಮ ಎಲ್ಲ ಗುರುತುಗಳೂ ಅಳಿಯುತ್ತವೆ, ಒಪ್ಪಿಗೆಯೇ? ಬಾಗಿಲಲ್ಲಿ ಮೌನೇಶ ಓಡಿ ಬರುವುದು ಕಾಣಿಸಿತು. ಹೌದು. ಕಡೆಯದಾಗಿ, ಖಚಿತವೇ?

ಅವಳು ಕಣ್ಣು ಮುಚ್ಚಿ ಒತ್ತಿದಳು.

ದೊಡ್ಡ ಪರದೆ ಒಮ್ಮೆ ಕಂತಿ ಮತ್ತೆ ಹೊತ್ತಿತು. ನೂರಾ ಹನ್ನೆರಡು ಕಿಲೋಮೀಟರಿನ ಉದ್ದಕ್ಕೂ ಸಾವಿರಾರು ಕಡೆ ಹಳದಿ ಬೊಟ್ಟುಗಳು ಎದ್ದವು. ಅಷ್ಟೂ ಅವಳು ಮುಟ್ಟಿದ್ದು. ಬೀಗಕ್ಕೆ ಉಳಿದ ಹೊತ್ತು ತೋರಿಸುತ್ತಿದ್ದ ಪರದೆಯ ಗಡಿಯಾರ ಹದಿನೆಂಟು ನಿಮಿಷಕ್ಕೆ ನಿಂತುಹೋಯಿತು. ಕೋಣೆಯಲ್ಲಿ ಎಲ್ಲರೂ ಎದ್ದು ನಿಂತರು. ಮೌನೇಶ ಅವಳ ಕುರ್ಚಿಯ ಹತ್ತಿರ ಬಂದು, ಕೈಯೆತ್ತಿ, ಹಾಗೇ ಕೈ ಇಳಿಸಿದ. "ಕೆಡಸಿದೆಲ್ಲs ಯವ್ವಾ," ಎಂದ, ಅಳುವವನಂತೆ.

ಅವಳ ಪುಟ್ಟ ಪರದೆಯಲ್ಲಿ ಮೊದಲ ಪ್ರಶ್ನೆ ಬಂತು. ನೂರಾ ಎಪ್ಪತ್ತಮೂರು ಚುಕ್ಕೆ. ಇದು ಏನು?

ಮನುಷ್ಯರು, ಎಂದು ಒತ್ತಿದಳು.

ದೊಡ್ಡ ಪರದೆಯಲ್ಲಿ ಅಗೆದ ಹೊಂಡ ತುಂಬಿಕೊಂಡಿತು. ಪಕ್ಕದ ಊರುಗಳವರ ನಡಿಗೆ ನೋಡಿ ಯಂತ್ರ ಅಂದಾಜು ಹಾಕಿತು. ತಗ್ಗಿನಲ್ಲಿ ಬಿಳಿ ಚುಕ್ಕೆಗಳು ಹರಡಿದವು, ಹೊಲಕ್ಕೆ ಹೊರಟವು, ಗೆರೆಯ ಕಡೆ ನಡೆದವು. ಅರವತ್ತಮೂರನೇ ಕಿಲೋಮೀಟರಿನಲ್ಲಿ ಗೋಡೆ ಬಿರಿದು ಒಂದು ಗಾಡಿ ಹೋಗುವಷ್ಟು ದಾರಿ ಬಿಟ್ಟುಕೊಟ್ಟಿತು. ಅದರಲ್ಲಿ ಹಾದ ಚುಕ್ಕೆಯೊಂದರ ಹಿಂದೆ ಸಾಸಿವೆ ಕಾಳಿನಷ್ಟು ಇನ್ನೊಂದು. ಅದು ಅಕ್ಕನೇ ಎಂದು ಹೇಳಲಾಗದು. ಹುಲಿಗೆಮ್ಮ ಕಣ್ಣು ಕೀಳದೆ ಅದು ದಾಟುವವರೆಗೆ ನೋಡಿದಳು.

ಈಚೆ ತಿರುಗಿದಾಗ ಅವಳ ಪರದೆಯಲ್ಲಿ ಎರಡನೇ ಪ್ರಶ್ನೆ ಕಾದಿತ್ತು. ಅರವತ್ತೊಂದು ಚುಕ್ಕೆ. ಒಂದೇ ಕಡೆ, ಒತ್ತೊತ್ತಾಗಿ. ಇಪ್ಪತ್ತೆರಡು ದಿನ ಅಲುಗಿಲ್ಲ. ಹಿಂದೆ ಕೊಟ್ಟ ಗುರುತು: ಸರಕು. ಇದು ಏನು?

ಅವಳ ಬೆರಳು ಗುಂಡಿಯ ಮೇಲೆ ನಿಂತಿತು. ನಾಲ್ಕು ದಿನದ ಹೆದರಿಕೆ ಇಳಿಯಿತೆಂದುಕೊಂಡದ್ದು ಈಗ ಬೇರೆ ಕಡೆಯಿಂದ ಏರಿ ಬಂತು. ಅರವತ್ತೊಂದು. ಅಲ್ಲಿಯೂ ಗಿಡವಿದೆಯೋ? ಬಾವಿಕಟ್ಟೆಯೋ? ಯಾವುದಾದರೂ ಇಟ್ಟಿಗೆ ಭಟ್ಟಿಯಲ್ಲಿ ಕೂಡಿಹಾಕಿ ಫೋನು ಕಸಿದಿಟ್ಟ ಜನವೋ? ನಿಜಕ್ಕೂ ಅಂಗಡಿಯೋ? ಇದರ ಹಿಂದೆ ಎಷ್ಟೋ ಸಾವಿರ. ಒಂದೊಂದಕ್ಕೂ ಅವಳು ಎರಡೆರಡು ಕ್ಷಣ ಕೊಟ್ಟಿದ್ದಳು.

ಬಾಗಿಲಲ್ಲಿ ವನಮಾಲಾ ಮೇಡಂ ನಿಂತಿದ್ದರು. ಎಲ್ಲರ ಕಣ್ಣೂ ತನ್ನ ಮೇಲಿದೆಯೆಂದು ಗೊತ್ತಿದ್ದೂ ಹುಲಿಗೆಮ್ಮ ಗುಂಡಿಯಿಂದ ಬೆರಳು ತೆಗೆದು ಎದ್ದು ನಿಂತಳು. ಅವಳ ದನಿ ಕೋಣೆಯ ಆ ತುದಿಗೂ ಕೇಳಿಸಿತು.

"ಇದು ಯಾವೂರು ಅಂತ ಹೇಳ್ರಿ," ಎಂದಳು. "ಹೇಳೂತನಕ ನಾ ಒತ್ತಂಗಿಲ್ಲ."